ದಮ್ಮು ಇರುವವರಿಗೆ ಕುರ್ಚಿ ತರಬೇಡಿ

ಕ್ರೀಡಾಕೂಟದ ದಿನ ನಮ್ಮ ಸಂಘದವರ ಪ್ರೀತಿ ನೋಡಬೇಕು. ಹಗ್ಗಜಗ್ಗಾಟಕ್ಕೆ ಒಬ್ಬರು ಕಡಿಮೆ ಬಿದ್ದರೆ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸುತ್ತಿದ್ದವರನ್ನೂ ಬಿಡದೆ ಎಳೆದು ತರುತ್ತೇವೆ. ಮಂಡಿನೋವು ಅಂದವರನ್ನು ಲಿಂಬೆ-ಚಮಚದ ಓಟಕ್ಕೆ ನಿಲ್ಲಿಸುತ್ತೇವೆ. ಹೊಟ್ಟೆ ಬಂದವರನ್ನು ಗೋಣಿಚೀಲದೊಳಗೆ ಇಳಿಸಿ, ಮೊಬೈಲಿನಲ್ಲಿ ಹಿಡಿದು, ವರ್ಷವಿಡೀ ವಾಟ್ಸಾಪಿನಲ್ಲಿ ನಗುತ್ತೇವೆ. ಆದರೆ ಗೇಟಿನಿಂದ ಮೈದಾನಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುವ ಒಬ್ಬಿಬ್ಬರು ಇರುತ್ತಾರಲ್ಲ, ಅವರಿಗೆ ಮಾತ್ರ ಕೇಳದೆಯೇ ಕುರ್ಚಿ ಬರುತ್ತದೆ. “ಅಣ್ಣಾ, ನಿಮಗೆ ದಮ್ಮು. ನೀವು ಇಲ್ಲೇ ಕೂತುಕೊಳ್ಳಿ, ಸ್ಕೋರ್ ಬರೆಯಿರಿ.” ಮಧ್ಯಾಹ್ನ ಊಟದ ತಟ್ಟೆಯೂ ಕುರ್ಚಿಗೇ ಬರುತ್ತದೆ. ಮರುವರ್ಷ ಆ ಅಣ್ಣ ಕ್ರೀಡಾಕೂಟಕ್ಕೇ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ನಾವೂ ಕೇಳುವುದಿಲ್ಲ.

ಆ ಕುರ್ಚಿಯ ಬಗ್ಗೆ ನಮಗೊಂದು ತಕರಾರಿದೆ.

ನಾವು ವೈದ್ಯರಲ್ಲ. ಡಿ.ಫಾರ್ಮ ಓದಿ, ಊರಿನಲ್ಲಿ ಕೆಲವು ವರ್ಷ ಮೆಡಿಕಲ್ ಶಾಪಿನಲ್ಲಿ ದುಡಿದು, ಆಮೇಲೆ ವಿಮಾನ ಹತ್ತಿ ಇಲ್ಲಿನ ಆಸ್ಪತ್ರೆಯ ಫಾರ್ಮಸಿ ಕಿಟಕಿಯ ಹಿಂದೆ ನಿಂತವರು. ಕಿಟಕಿಯಿಂದ ಕಾಣುವುದು ಸ್ವಲ್ಪವೇ, ಆದರೆ ವರ್ಷಗಟ್ಟಲೆ ಅದೇ ಮುಖಗಳು ಕಾಣುತ್ತವೆ. ಮೊದಲ ವರ್ಷ ನೆಟ್ಟಗೆ ನಡೆದು ಬಂದವರು ಎರಡನೆಯ ವರ್ಷ ಅರ್ಧ ದಾರಿಯಲ್ಲಿ ಬೆಂಚಿನ ಮೇಲೆ ಕೂತು ಬರುತ್ತಾರೆ. ಮೂರನೆಯ ವರ್ಷ ರೂಮಿನ ಹುಡುಗನ ಕೈಯಲ್ಲಿ ಚೀಟಿ, ಇನ್ಶೂರೆನ್ಸ್ ಕಾರ್ಡು ಕೊಟ್ಟು ಕಳಿಸುತ್ತಾರೆ. ಕಾಯಿಲೆ ಜಾಸ್ತಿಯಾಯಿತು ಅಂದುಕೊಳ್ಳುತ್ತೇವೆ. ಆಗಿರಲೂಬಹುದು. ಆದರೆ ಅದರ ಜೊತೆಗೆ ಕೂರುವುದೂ ಜಾಸ್ತಿಯಾಗಿರುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇವೆ. ಹೆಸರು, ಕಂಪನಿ ಬೇಡ. ಬೈಂದೂರು ಕಡೆಯವರು, ಐವತ್ತು ದಾಟಿದೆ. ಬಡಗಿ ಕೆಲಸಕ್ಕೆ ಅಂತ ಬಂದವರು. ಇಪ್ಪತ್ತು ವರ್ಷ ಜಾಯಿನರಿಯಲ್ಲಿ ಎಂಡಿಎಫ್ ಹಲಗೆ ಕೊಯ್ದ ಧೂಳು, ಅದರ ಮೇಲೆ ದಿನಕ್ಕೊಂದು ಪ್ಯಾಕ್ ಸಿಗರೇಟು. ವೈದ್ಯರು ಊದಿಸಿ ನೋಡಿ ಸಿಓಪಿಡಿ ಅಂತ ಬರೆದ ದಿನವೇ ಸಿಗರೇಟು ಬಿಟ್ಟರು. ಅಷ್ಟು ಗಟ್ಟಿ ಮನಸ್ಸು. ಕಂಪನಿಯವರೂ ಒಳ್ಳೆಯವರು, ಧೂಳಿನಿಂದ ತೆಗೆದು ಸ್ಟೋರಿಗೆ ಹಾಕಿದರು. ರೂಮಿನಲ್ಲಿ ಆರು ಜನ, ಎಲ್ಲರೂ ಇವರಿಗಿಂತ ಚಿಕ್ಕವರು. ಕೆಳಗಿನ ಮಂಚ ಬಿಟ್ಟುಕೊಟ್ಟರು. ನೀರಿನ ಕ್ಯಾನ್ ಎತ್ತಲು ಬಿಡುವುದಿಲ್ಲ, ಗ್ರೋಸರಿಗೆ ಇಳಿಯಲು ಬಿಡುವುದಿಲ್ಲ, ಬಟ್ಟೆಯನ್ನೂ ಅವರೇ ಮೆಷಿನ್ನಿಗೆ ಹಾಕುತ್ತಾರೆ. ಹೀಗೆ ಎರಡು ವರ್ಷ. ಅಷ್ಟರಲ್ಲಿ ಅವರ ದಿನದ ನಡಿಗೆ ಎಂದರೆ ಮಂಚದಿಂದ ಬಾತ್‌ರೂಮು, ಅಲ್ಲಿಂದ ಕಂಪನಿ ಬಸ್ಸು, ಬಸ್ಸಿನಿಂದ ಸ್ಟೋರಿನ ಕುರ್ಚಿ. ಅಷ್ಟೇ.

ಆಮೇಲೆ ರಜೆಗೆ ಊರಿಗೆ ಹೋದರು. ಅವರ ಮನೆ ರಸ್ತೆಯಿಂದ ಮೇಲೆ, ಮುರಕಲ್ಲಿನ ಮೆಟ್ಟಿಲು ನಲವತ್ತು ಚಿಲ್ಲರೆ. ಹತ್ತಲು ಆಗಲಿಲ್ಲ. ಆರನೆಯ ಮೆಟ್ಟಿಲಿಗೆ ಕೂತುಬಿಟ್ಟರು. ಅಣ್ಣನ ಮಕ್ಕಳು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಅದರಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಮೇಲೆ ಒಯ್ದರು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ವಾಪಸ್ ಬಂದ ಮೇಲೆ ನಮ್ಮ ಕಿಟಕಿಯಲ್ಲಿ ಇದನ್ನು ಹೇಳಿದಾಗ ಅವರು ಉಸಿರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. “ದೇವರ ಪಲ್ಲಕ್ಕಿ ಹೊತ್ತ ಹಾಗೆ ಹೊತ್ತರು ಮಾರಾಯ್ರೆ” ಅಂದರು. ನಗಲು ನೋಡಿದರು, ನಗು ಬರಲಿಲ್ಲ. ಆಮೇಲೆ ಕೇಳಿದರು, “ಇದಕ್ಕಿಂತ ಸ್ಟ್ರಾಂಗ್ ಪಂಪು ಉಂಟಾ?”

ಪಂಪು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಅದು ವೈದ್ಯರದ್ದು. ಆದರೆ ಅವತ್ತು ಅದೃಷ್ಟಕ್ಕೆ ಹಿಂದೆ ಕ್ಯೂ ಇರಲಿಲ್ಲ. ಇರುವ ಪಂಪನ್ನೇ ಒಮ್ಮೆ ಎಳೆದು ತೋರಿಸಿ ಅಂದೆವು. ಅಲುಗಾಡಿಸಲಿಲ್ಲ. ಬಾಯಿಗೆ ಇಟ್ಟುಕೊಂಡು ಮೊದಲು ಒತ್ತಿದರು, ಆಮೇಲೆ ಎಳೆದರು. ಔಷಧ ಬಿಳಿ ಹೊಗೆಯಾಗಿ ತುಟಿಯ ಅಂಚಿನಿಂದ ಹೊರಗೆ ಹೋಯಿತು. ಎರಡು ವರ್ಷ ಹೀಗೇ ಹೋಗಿದೆ. ಎರಡು ವರ್ಷವೂ ಅವರ ಕೈಗೆ ಪೆಟ್ಟಿಗೆ ಕೊಟ್ಟವರು ನಾವೇ. “ಹೇಗೆ ತಗೊಳ್ಳುವುದು ಗೊತ್ತುಂಟಲ್ಲ?” “ಗೊತ್ತುಂಟು.” ಮುಂದಿನ ಟೋಕನ್. ಇದರಲ್ಲಿ ಅವರ ತಪ್ಪು ಎಷ್ಟು, ನಮ್ಮದು ಎಷ್ಟು ಅಂತ ಹಂಚಲು ಕೂತರೆ ನಮ್ಮ ಪಾಲೇ ದೊಡ್ಡದಾಗುತ್ತದೆ.

ಆದ್ದರಿಂದ ನಡಿಗೆಯ ಮಾತಿಗೆ ಮೊದಲು ಪಂಪಿನ ಮಾತು. ಒತ್ತುವ ಪಂಪಾದರೆ ಚೆನ್ನಾಗಿ ಅಲುಗಾಡಿಸಿ, ಒಳಗಿನ ಉಸಿರನ್ನು ಹೊರಗೆ ಬಿಟ್ಟು, ನಿಧಾನವಾಗಿ ಎಳೆಯಲು ಶುರುಮಾಡಿದ ಕೂಡಲೇ ಒತ್ತಬೇಕು. ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇರಬೇಕು, ಆಮೇಲೆ ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಕೈಗೂ ಉಸಿರಿಗೂ ತಾಳ ಕೂಡದವರು ಸ್ಪೇಸರ್ ಎನ್ನುವ ಕೊಳವೆ ಹಾಕಿಕೊಳ್ಳಿ, ನಾಚಿಕೆಪಡುವುದೇನೂ ಇಲ್ಲ. ಪುಡಿಯ ಇನ್ಹೇಲರ್ ಆದರೆ ಇದರ ತದ್ವಿರುದ್ಧ: ಜೋರಾಗಿ, ಆಳವಾಗಿ ಒಂದೇ ಸಲ ಎಳೆಯಬೇಕು. ಇನ್ನು ಊರಿನಿಂದ ತಂದ ಕ್ಯಾಪ್ಸೂಲನ್ನು ಯಂತ್ರಕ್ಕೆ ಹಾಕದೆ ನೀರಿನ ಜೊತೆ ನುಂಗಿದವರನ್ನೂ ನೋಡಿದ್ದೇವೆ. ನಗಬೇಡಿ, ಅವರಿಗೂ ಯಾರೋ ಕೊಟ್ಟು ಕಳಿಸಿದ್ದರು, ತೋರಿಸಿರಲಿಲ್ಲ. ಸ್ಟಿರಾಯ್ಡ್ ಇರುವ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯೊಳಗೆ ಬಿಳಿ ಅಗ್ರ ಬರುತ್ತದೆ. ಈ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು: ಪಂಪನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಡಿ. ಸಾಮಾನ್ಯವಾಗಿ 30 ಡಿಗ್ರಿಯ ಕೆಳಗೆ ಇಡಬೇಕಾದ ವಸ್ತು ಅದು. ಜುಲೈಯಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಮಾಮೂಲು, ಆ ಬಿಸಿಗೆ ಡಬ್ಬಿ ಸಿಡಿಯಲೂಬಹುದು. ಪುಡಿಯದ್ದನ್ನು ಬಾತ್‌ರೂಮಿನ ಕಪಾಟಿನಲ್ಲಿ ಇಟ್ಟರೆ ತೇವಕ್ಕೆ ಗಂಟು ಕಟ್ಟುತ್ತದೆ.

ಈಗ ಕುರ್ಚಿಯ ವಿಷಯ. ಕೂತರೆ ಆರಾಮ ಅನ್ನಿಸುವುದು ನಿಜ, ಅಲ್ಲೇ ನಾವು ಮೋಸ ಹೋಗುವುದು. ಸಿಓಪಿಡಿಯಲ್ಲಿ ಶ್ವಾಸನಾಳ ಕಿರಿದಾಗಿರುತ್ತದೆ. ಒಳಗೆ ಎಳೆದ ಗಾಳಿ ಹೊರಗೆ ಹೋಗಲು ಹೊತ್ತು ಬೇಕು. ಬೇಗ ಬೇಗ ನಡೆದಾಗ ಉಸಿರೂ ಬೇಗ ಬೇಗ ಬರುತ್ತದೆ, ಹಳೆಯ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಹೊಸದು ಒಳಗೆ ನುಗ್ಗುತ್ತದೆ. ಎದೆ ಉಬ್ಬಿಕೊಳ್ಳುತ್ತದೆ, ಇನ್ನು ಎಳೆಯಲು ಜಾಗವೇ ಇಲ್ಲ ಅನ್ನಿಸುತ್ತದೆ. ಗಾಬರಿಯಾಗುತ್ತದೆ, ಕೂರುತ್ತೇವೆ. ಮರುದಿನ ಆ ಗಾಬರಿ ನೆನಪಾಗಿ ಏಳುವುದೇ ಇಲ್ಲ. ಹೀಗೆ ವಾರಗಟ್ಟಲೆ ಏಳದಿದ್ದಾಗ ಸೊರಗುವುದು ಕಾಲು. ತೊಡೆಯ ಸ್ನಾಯು ತೆಳ್ಳಗಾಗುತ್ತದೆ. ಸೊರಗಿದ ಸ್ನಾಯುವಿಗೆ ರಕ್ತದಲ್ಲಿರುವ ಆಮ್ಲಜನಕವನ್ನು ಸರಿಯಾಗಿ ಬಳಸಲು ಬರುವುದಿಲ್ಲ. ಸ್ವಲ್ಪ ಕೆಲಸಕ್ಕೇ ಅದರೊಳಗೆ ಆಮ್ಲ ಸೇರುತ್ತದೆ, ಆ ಆಮ್ಲವನ್ನು ತೊಳೆಯಲು ದೇಹ ಮತ್ತೆ ಹೆಚ್ಚು ಉಸಿರು ಕೇಳುತ್ತದೆ. ಹಾಗಾಗಿ ಹೋದ ವರ್ಷ ಹತ್ತು ಮೆಟ್ಟಿಲಿಗೆ ಬೇಕಾಗಿದ್ದ ಉಸಿರು ಈ ವರ್ಷ ಐದಕ್ಕೇ ಖರ್ಚಾಗುತ್ತದೆ. ಶ್ವಾಸಕೋಶ ಹೋದ ವರ್ಷದ್ದೇ ಇರಬಹುದು, ಕಾಲು ಹೋದ ವರ್ಷದ್ದಲ್ಲ.

ಇದರಲ್ಲೊಂದು ಒಳ್ಳೆಯ ಸುದ್ದಿಯೂ ಇದೆ. ಪಲ್ಮನರಿ ರಿಹ್ಯಾಬಿಲಿಟೇಶನ್ ಎನ್ನುವ ಕ್ರಮವಾದ ತರಬೇತಿ ಇದೆ: ವಾರಕ್ಕೆ ಎರಡು-ಮೂರು ಸಲ, ಆರರಿಂದ ಹನ್ನೆರಡು ವಾರ, ಫಿಸಿಯೋಥೆರಪಿಸ್ಟ್ ನೋಡಿಕೊಳ್ಳುತ್ತಿರುವಾಗ ನಡಿಗೆ, ಸ್ನಾಯುವಿನ ವ್ಯಾಯಾಮ, ಉಸಿರಾಟದ ಪಾಠ. ಜಗತ್ತಿನ ಎಲ್ಲ ಮುಖ್ಯ ಮಾರ್ಗಸೂಚಿಗಳೂ ಇದನ್ನು ಹೇಳುತ್ತವೆ. ನಮಗೆ ಮೊದಲು ನಂಬಲು ಕಷ್ಟವಾದದ್ದು ಇದು: ತರಬೇತಿ ಮುಗಿದ ಮೇಲೆ ಊದಿಸಿ ನೋಡಿದರೆ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಅದೇ ಮನುಷ್ಯ ಮೊದಲಿಗಿಂತ ಹೆಚ್ಚು ದೂರ ನಡೆಯುತ್ತಾನೆ, ಕಡಿಮೆ ಏದುತ್ತಾನೆ. ಕಾಲು ಗಟ್ಟಿಯಾದಷ್ಟೂ ಅದು ಕೇಳುವ ಉಸಿರು ಕಡಿಮೆ. ನಾವು ಮಾರುವ ಯಾವ ಪೆಟ್ಟಿಗೆಯಲ್ಲೂ ಇದನ್ನು ತುಂಬಿ ಕೊಡಲು ಬರುವುದಿಲ್ಲ. ಫಾರ್ಮಸಿಯವರಾಗಿ ಈ ಮಾತು ಹೇಳುವುದು ನಮ್ಮ ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಇರಲಿ.

ಇದರ ಜೊತೆ ಒಂದು ಮಾತ್ರೆಯ ಮಾತೂ ಹೇಳಲೇಬೇಕು. ಊರಿನಿಂದ ಬರುವವರ ಬ್ಯಾಗಿನಲ್ಲಿ ಚಕ್ಕುಲಿ, ಉಪ್ಪಿನಕಾಯಿಯ ಮಧ್ಯೆ ಸ್ಟಿರಾಯ್ಡ್ ಮಾತ್ರೆಯ ಪಟ್ಟಿಯೂ ಬರುತ್ತದೆ. “ದಮ್ಮು ಜಾಸ್ತಿಯಾದರೆ ಒಂದು ನುಂಗು” ಅಂತ ಯಾರೋ ಹೇಳಿರುತ್ತಾರೆ. ನುಂಗಿದರೆ ಎರಡು ದಿನದಲ್ಲಿ ಸುಖವಾಗುತ್ತದೆ, ಅದೂ ನಿಜ. ಕಾಯಿಲೆ ಏಕಾಏಕಿ ಕೆರಳಿದಾಗ ವೈದ್ಯರು ಐದು ದಿನಕ್ಕೆ ಬರೆದುಕೊಟ್ಟರೆ ಅದು ಔಷಧ. ತಿಂಗಳುಗಟ್ಟಲೆ ನಾವೇ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದೇ ತೊಡೆಯ ಸ್ನಾಯು ಕರಗುತ್ತದೆ. ತುಂಬ ದಿನದಿಂದ ನುಂಗುತ್ತಿರುವವರು ಇದನ್ನು ಓದಿ ನಾಳೆಯೇ ಒಮ್ಮೆಲೇ ನಿಲ್ಲಿಸಲೂಬೇಡಿ, ಅದೂ ಅಪಾಯ; ವೈದ್ಯರ ಹತ್ತಿರ ಹೋಗಿ ಮೆಲ್ಲಗೆ ಇಳಿಸಿ.

ಆಸ್ತಮಾದವರ ದಾರಿ ಸ್ವಲ್ಪ ಬೇರೆ. ಅವರಲ್ಲಿ ಹೆಚ್ಚಿನವರು ಔಷಧ ಸರಿಯಾಗಿದ್ದರೆ ಕ್ರಿಕೆಟ್ಟೂ ಆಡಬಹುದು. ಆದರೆ ಬರೀ ನೀಲಿ ಪಂಪಿನ ಮೇಲೆ ದಿನ ದೂಡುವವರು ಎಚ್ಚರವಾಗಬೇಕು. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ನೀಲಿ ಪಂಪು ಖಾಲಿಯಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತಲೇ ಅರ್ಥ. ದಿನವೂ ಎಳೆಯುವ ಸ್ಟಿರಾಯ್ಡ್ ಇನ್ಹೇಲರ್ ಬೇಕಾಗಿರುತ್ತದೆ, ವೈದ್ಯರನ್ನು ಕೇಳಿ.

ಬೈಂದೂರಿನ ಅಣ್ಣನಿಗೆ ವೈದ್ಯರು ಫಿಸಿಯೋಥೆರಪಿ ಬರೆದರು. ಮೊದಲ ದಿನ ಆಸ್ಪತ್ರೆಯ 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ದೂರ ಅಳೆದರು. ಓಟವಲ್ಲ, ಆಯಾಸವಾದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. 210 ಮೀಟರ್ ಬಂತು, ಎರಡು ಸಲ ಗೋಡೆಗೆ ಒರಗಿ ನಿಂತು. ಆಮೇಲೆ ಕಲಿಸಿದ್ದೆಲ್ಲ ಬಿಟ್ಟಿಯದೇ. ಎರಡು ನಿಮಿಷ ನಡೆ, ಒಂದು ನಿಮಿಷ ನಿಲ್ಲು, ಮತ್ತೆ ಎರಡು ನಿಮಿಷ. ಮೂಗಿನಿಂದ ಎರಡು ಹೆಜ್ಜೆಗೆ ಉಸಿರು ಎಳೆ, ಬಿಸಿ ಚಹಾ ಆರಿಸುವ ಹಾಗೆ ತುಟಿ ಚೂಪು ಮಾಡಿ ನಾಲ್ಕು ಹೆಜ್ಜೆಗೆ ಬಿಡು. ಮೆಟ್ಟಿಲು ಹತ್ತುವಾಗ ಕಾಲೆತ್ತುವ ಹೊತ್ತಿಗೆ ಉಸಿರು ಬಿಡು, ಬಿಗಿಹಿಡಿಯಬೇಡ. ತುಂಬ ಏದುಸಿರು ಬಂದರೆ ಮುಂದಕ್ಕೆ ಬಾಗಿ ಕೈಯನ್ನು ಮಂಡಿಯ ಮೇಲೋ ಗೋಡೆಯ ಮೇಲೋ ಊರಿ ನಿಲ್ಲು. ಕೈ ಊರದೆ ಕುರ್ಚಿಯಿಂದ ಎದ್ದು ಕೂರು, ಎದ್ದು ಕೂರು, ಹತ್ತು ಸಲ. (ಕುರ್ಚಿಗೆ ಇಷ್ಟು ಒಳ್ಳೆಯ ಉಪಯೋಗ ಇದೆಯೆಂದು ನಮಗೂ ಗೊತ್ತಿರಲಿಲ್ಲ.) ಅರ್ಧ ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಎತ್ತು, ಇಳಿಸು. ವೈದ್ಯರು ಹೇಳಿದ್ದರೆ ನಡೆಯುವುದಕ್ಕೆ ಹತ್ತು-ಹದಿನೈದು ನಿಮಿಷ ಮೊದಲು ನೀಲಿ ಪಂಪು ಎಳೆ.

ಎಷ್ಟು ಏದಬೇಕು ಎನ್ನುವುದೇ ಎಲ್ಲರ ಪ್ರಶ್ನೆ. ಏದಲೇಬಾರದು ಅಂದುಕೊಂಡವರು ಎಂದೂ ನಡೆಯುವುದಿಲ್ಲ. ಪಕ್ಕದವರ ಜೊತೆ ಸಣ್ಣ ಸಣ್ಣ ವಾಕ್ಯ ಮಾತಾಡಲು ಆಗುತ್ತಿರಬೇಕು, ಭಜನೆ ಹಾಡಲು ಆಗಬಾರದು. ಅಷ್ಟು ಏದಿದರೆ ಸರಿ, ಅದು ಅಪಾಯವಲ್ಲ, ಅದೇ ಕೆಲಸ. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 88ಕ್ಕಿಂತ ಕೆಳಗೆ ಇಳಿಯುವುದು, ಇವು ಕಂಡರೆ ಮಾತ್ರ ತಕ್ಷಣ ನಿಲ್ಲಬೇಕು, ವೈದ್ಯರಿಗೆ ತಿಳಿಸಬೇಕು. ನಿಂತು, ಪಂಪು ಎಳೆದ ಮೇಲೂ ಉಸಿರು ಇಳಿಯದಿದ್ದರೆ 998ಕ್ಕೆ ಫೋನ್ ಮಾಡಿ. ರೂಮಿನವರು “ಏನಾದರೂ ಆದರೆ ಯಾರು ಹೊಣೆ” ಅಂತ ಹೆದರುವುದು ತಪ್ಪಲ್ಲ. ಹೆದರುವವರು ಜೊತೆಯಲ್ಲಿ ನಡೆಯಲಿ, ಹೆದರಿಕೆಗೂ ಕೆಲಸ ಸಿಕ್ಕ ಹಾಗಾಯಿತು.

ಎಲ್ಲಿ ನಡೆಯುವುದು ಎನ್ನುವುದು ಇಲ್ಲಿನ ದೊಡ್ಡ ತೊಡಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಯುಎಇ ಸರ್ಕಾರವೇ ನಿಯಮ ಮಾಡಿದೆ. ಗಟ್ಟಿಮುಟ್ಟಾದವರಿಗೇ ಹಾಗಿರುವಾಗ ದಮ್ಮು ಇರುವವರು ಬೇಸಿಗೆಯಲ್ಲಿ ಹೊರಗೆ ನಡೆಯಿರಿ ಅಂತ ನಾವು ಹೇಳುವುದಿಲ್ಲ. ರಾತ್ರಿಯೂ ಆ ಸೆಕೆಯಲ್ಲಿ ಎದೆ ಭಾರವೇ. ಅದಕ್ಕೆ ಮಾಲ್ ಇದೆ. ಬಾಡಿಗೆ ಕೊಡುವವರು ಅಂಗಡಿಯವರು, ಎಸಿ ನಮಗೂ ಸಿಗುತ್ತದೆ. 2025ರ ಆಗಸ್ಟಿನಲ್ಲಿ ದುಬೈಯ ಹಲವು ಮಾಲ್‌ಗಳು ಬೆಳಿಗ್ಗೆ 7ರಿಂದ 10ರವರೆಗೆ ನಡೆಯುವವರಿಗಾಗಿಯೇ ಬಾಗಿಲು ತೆರೆದಿದ್ದವು. ಮೆಟ್ರೊ ನಿಲ್ದಾಣಗಳ ಎಸಿ ಸೇತುವೆಗಳೂ ಆಗುತ್ತವೆ, ಚಲಿಸುವ ಪಟ್ಟಿಯ ಮೇಲೆ ಹತ್ತಿ ನಿಂತುಬಿಡಬಾರದು ಅಷ್ಟೇ. ಮಾಲ್‌ನಲ್ಲಿ ಒಂದು ಎಚ್ಚರ: ಅತ್ತರಿನ ಅಂಗಡಿಗಳ ಮುಂದೆ ಬಖೂರಿನ ಹೊಗೆ ಇರುತ್ತದೆ, ಆ ಸಾಲು ಬಿಟ್ಟು ನಡೆಯಿರಿ. ಕ್ಯಾಂಪಿನಲ್ಲಿರುವವರಿಗೆ ಮಾಲ್ ದೂರ, ಟ್ಯಾಕ್ಸಿ ದುಬಾರಿ. ಅವರಿಗೆ ಕಾರಿಡಾರೇ ಗತಿ. ಉದ್ದದ ಕಾರಿಡಾರಿಗೆ ಎರಡು ತುದಿಯಲ್ಲಿ ಎರಡು ಚಪ್ಪಲಿ ಇಟ್ಟರೆ ಗುರುತಾಯಿತು. ಶಮಾಲ್ ಗಾಳಿ ಎದ್ದು ಆಕಾಶ ಹಳದಿಯಾದ ದಿನ ಹೊರಗೆ ಕಾಲಿಡಲೇಬೇಡಿ. ನವೆಂಬರಿನಿಂದ ಮಾರ್ಚಿನವರೆಗೆ ಹೇಗೂ ಮಮ್ಜರ್ ಪಾರ್ಕು, ಶಾರ್ಜಾದ ಮಜಾಜ್ ದಂಡೆ ಇವೆ, ಬೆಂಚಿನಿಂದ ಬೆಂಚಿಗೆ ನಡೆಯಬಹುದು.

ಉಪವಾಸ ಹಿಡಿಯುವ ನಮ್ಮ ಸಹೋದರರಿಗೆ ಒಂದು ಮಾತು. ಇನ್ಹೇಲರಿನಿಂದ ಉಪವಾಸ ಮುರಿಯುತ್ತದೆಯೇ ಎನ್ನುವುದನ್ನು ಧರ್ಮಗುರುಗಳನ್ನು ಕೇಳಿ, ಅದು ನಮ್ಮ ಕಿಟಕಿಯ ಪ್ರಶ್ನೆಯಲ್ಲ. ಆದರೆ ಯಾರಿಗೂ ಹೇಳದೆ ತಿಂಗಳಿಡೀ ಔಷಧ ಬಿಡಬೇಡಿ. ದಿನಕ್ಕೆ ಒಂದೋ ಎರಡೋ ಸಲ ಎಳೆಯುವ ಔಷಧವನ್ನು ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಲು ಸಾಮಾನ್ಯವಾಗಿ ಆಗುತ್ತದೆ. ರಮ್ಜಾನಿಗೆ ಎರಡು ವಾರ ಮೊದಲೇ ವೈದ್ಯರ ಹತ್ತಿರ ಹೋಗಿ ಬನ್ನಿ.

ಇಷ್ಟೆಲ್ಲ ಹೇಳಿದರೂ ಹಲವರು ನಡೆಯುವುದಿಲ್ಲ. ಆಲಸ್ಯಕ್ಕಲ್ಲ, ಭಯಕ್ಕೆ. ಏದುವುದನ್ನು ಯಾರಾದರೂ ನೋಡಿದರೆ? ಫೋರ್‌ಮನ್‌ಗೆ ಗೊತ್ತಾದರೆ? ವೀಸಾ ನವೀಕರಣಕ್ಕೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ಅದರಲ್ಲಿ ಏನಾದರೂ ಬಿದ್ದರೆ? ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಪಂಪು ಎಳೆಯುವವರನ್ನು ಬಲ್ಲೆವು. ಪಕ್ಕದ ಮಂಚದವನಿಗೂ ಗೊತ್ತಿಲ್ಲದ ಹಾಗೆ ಡಬ್ಬಿಯನ್ನು ಸಾಕ್ಸಿನೊಳಗೆ ಇಡುತ್ತಾರೆ. ಕೆಲಸ ಹೋದರೆ ಊರಿನ ಸಾಲ, ಮಗಳ ಫೀಸು ಯಾರು ಕಟ್ಟುತ್ತಾರೆ? ಈ ಭಯ ಸುಳ್ಳು ಅಂತ ಎಸಿ ರೂಮಿನಲ್ಲಿ ನಿಂತು ಔಷಧ ಎಣಿಸುವ ನಾವು ಹೇಳಿದರೆ ಅದು ಉದ್ಧಟತನವಾಗುತ್ತದೆ. ಎರಡೇ ವಿಷಯ ಹೇಳಬಲ್ಲೆವು. ಆ ಎಕ್ಸ್‌ರೇಯಲ್ಲಿ ಮುಖ್ಯವಾಗಿ ಹುಡುಕುವುದು ಕ್ಷಯವನ್ನು. ಆಸ್ತಮಾ, ಸಿಓಪಿಡಿ ಅಂಟುರೋಗಗಳಲ್ಲ, ಒಂದೇ ರೂಮಿನಲ್ಲಿ ಮಲಗಿದರೆ ಬರುವುದಿಲ್ಲ. ಇದನ್ನು ರೂಮಿನವರೂ ತಿಳಿಯಬೇಕು. ಎರಡನೆಯದು, ಮುಚ್ಚಿಟ್ಟು ಕೂತವರ ಕಾಯಿಲೆ ಬಹಳ ದಿನ ಮುಚ್ಚಿರುವುದಿಲ್ಲ. ಅದು ಬಯಲಾಗುವುದು ಒಂದು ರಾತ್ರಿ ಎಮರ್ಜೆನ್ಸಿಯಲ್ಲಿ, ಆಗ ಕಂಪನಿಗೆ ಒಟ್ಟಿಗೇ ಎಲ್ಲ ಗೊತ್ತಾಗುತ್ತದೆ. ನಡೆದು ಗಟ್ಟಿಯಾದವರು ಹಾಜರಿ ತಪ್ಪಿಸುವುದು ಕಡಿಮೆ. ಕೆಲಸ ಉಳಿಸಿಕೊಳ್ಳುವ ದಾರಿಯಾಗಿಯೂ ನಡಿಗೆಯೇ ಮೇಲು ಅಂತ ನಮ್ಮ ಲೆಕ್ಕ. ಇನ್ಶೂರೆನ್ಸ್ ಕಾರ್ಡಿನಲ್ಲಿ ಫಿಸಿಯೋಥೆರಪಿ ಇದೆಯೇ, ಎಷ್ಟು ಸೆಷನ್, ನಿಮ್ಮ ಕೈಯಿಂದ ಎಷ್ಟು ಕೊಡಬೇಕು ಅಂತ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ, ನಾವೂ ಸೇರಿದಂತೆ.

ಇದೇ ತಪ್ಪನ್ನು ನಾವು ಊರಿಗೂ ರಫ್ತು ಮಾಡುತ್ತಿದ್ದೇವೆ. ನಲವತ್ತು ವರ್ಷ ಸೌದೆ ಒಲೆಯ ಮುಂದೆ, ಬಚ್ಚಲಿನ ಹಂಡೆಯ ಮುಂದೆ ಊದುಗೊಳವೆ ಹಿಡಿದು ಕೂತ ನಮ್ಮ ಅಮ್ಮಂದಿರಲ್ಲಿ ಎಷ್ಟೋ ಜನರಿಗೆ ಬೀಡಿ-ಸಿಗರೇಟು ಮುಟ್ಟದೆಯೇ ಈ ಕಾಯಿಲೆ ಬಂದಿದೆ. ಇಲ್ಲಿಂದ ಗ್ಯಾಸ್ ಕನೆಕ್ಷನ್ನಿಗೆ ದುಡ್ಡು ಕಳಿಸಿದೆವು, ಒಳ್ಳೆಯದಾಯಿತು. ನೆಬ್ಯುಲೈಜರ್ ಕಳಿಸಿದೆವು, ಸರಿ. ಆಮೇಲೆ ಫೋನಿನಲ್ಲಿ “ಅಮ್ಮ, ನೀನಿನ್ನು ಏನೂ ಮಾಡಬೇಡ, ಸುಮ್ಮನೆ ಕೂತಿರು” ಅಂದೆವು. ದನ ಮಾರಿಸಿದೆವು. ಮಲ್ಲಿಗೆ ಕೊಯ್ಯಲು ಆಳು ಇಟ್ಟೆವು. ಹಟ್ಟಿಗೆ ಹೋಗುವುದು, ಹೂ ಕೊಯ್ಯುವುದು, ಸಂಜೆ ಆಚೆಮನೆಗೆ ಹೋಗಿ ಬರುವುದು, ಅವಳ ಕಾಲನ್ನು ಉಳಿಸಿದ್ದೇ ಇವು. ಸೋಫಾ, ಟಿವಿ ನಮ್ಮ ದುಡ್ಡಿನದೇ, ಅವಳು ಅದರಲ್ಲಿ ಕೂತಿದ್ದಾಳೆ. ಮುಂದಿನ ರಜೆಗೆ ಹೋದಾಗ ಈಗ ಅಂಗಳದ ತುದಿಯವರೆಗೂ ಬರಲಾರಳು ಅನ್ನುತ್ತೇವೆ. ಈ ವಾರ ಫೋನ್ ಮಾಡಿದಾಗ ಔಷಧ ತಗೊಂಡೆಯಾ ಅಂತ ಕೇಳಿದ ಮೇಲೆ, ಇವತ್ತು ಎಲ್ಲಿಯವರೆಗೆ ನಡೆದೆ ಅಂತಲೂ ಕೇಳಿ.

ಇನ್ನು ನಮ್ಮ ಸಂಘಕ್ಕೆ ಒಂದು ಬೇಡಿಕೆ. ಮುಂದಿನ ಕ್ರೀಡಾಕೂಟದ ಪಟ್ಟಿಯಲ್ಲಿ ಆರು ನಿಮಿಷದ ನಡಿಗೆ ಅಂತ ಒಂದು ಸಾಲು ಸೇರಿಸಿ. ಬೇರೆಯವರ ಜೊತೆ ಸ್ಪರ್ಧೆ ಬೇಡ. ನವೆಂಬರಿನಲ್ಲಿ ಒಮ್ಮೆ ಅಳೆದು ಬರೆದಿಟ್ಟುಕೊಂಡು, ಫೆಬ್ರವರಿಯಲ್ಲಿ ಮತ್ತೆ ಅಳೆದು, ತನ್ನದೇ ಹಳೆಯ ದೂರವನ್ನು ಹೆಚ್ಚು ದಾಟಿದವರಿಗೆ ಬಹುಮಾನ ಕೊಡಿ. ಮೂವತ್ತು ಮೀಟರ್ ಹೆಚ್ಚಾದರೂ ವೈದ್ಯರ ಲೆಕ್ಕದಲ್ಲಿ ಅದು ದೊಡ್ಡದೇ. ಆಕ್ಸಿಮೀಟರ್ ಹಿಡಿದು ನಿಲ್ಲಲು, ಪಂಪು ಎಳೆಯುವುದನ್ನು ನೋಡಿ ತಿದ್ದಲು ನಮ್ಮಂಥವರು ಬರುತ್ತೇವೆ. ನರ್ಸ್‌ಗಳು, ಫಿಸಿಯೋದವರು ನಮ್ಮಲ್ಲಿ ಎಷ್ಟಿಲ್ಲ, ಕೇಳಿದರೆ ಇಲ್ಲ ಅನ್ನುವವರಲ್ಲ. ಮುಚ್ಚಿದ ಹಾಲಿನಲ್ಲಿ ಕಾರ್ಯಕ್ರಮ ಇಟ್ಟಾಗ ಧೂಪ, ಊದುಬತ್ತಿಯನ್ನು ಸ್ವಲ್ಪ ಹೊರಗಿಡಿ. ಮತ್ತೆ ಆ ಕುರ್ಚಿಗಳು. ಅವನ್ನು ಸ್ಕೋರ್ ಟೇಬಲ್ಲಿನ ಪಕ್ಕದಿಂದ ತೆಗೆದು ದಾರಿಯುದ್ದಕ್ಕೂ ಮೂವತ್ತು ಮೀಟರಿಗೊಂದರಂತೆ ಇಡಿ. ಬೇಕಾದವರು ಕೂತು, ಎದ್ದು, ಮುಂದೆ ನಡೆಯಲಿ.

ಬೈಂದೂರಿನ ಅಣ್ಣ ಎಂಟು ವಾರದ ಕೊನೆಗೆ 265 ಮೀಟರ್ ನಡೆದರು. ನಡುವೆ ಒಮ್ಮೆ ಶೀತ ಹಿಡಿದು ಕಾಯಿಲೆ ಕೆರಳಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು, ಆಗ ಎಲ್ಲವನ್ನೂ ಬಿಟ್ಟುಬಿಡುವ ಮಾತಾಡಿದ್ದರು. ಮತ್ತೆ ಹತ್ತು ದಿನಕ್ಕೆ ಕಾರಿಡಾರಿನಲ್ಲಿ ಕಂಡರು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಗ್ರೋಸರಿಗೆ ಈಗ ಅವರೇ ಇಳಿಯುತ್ತಾರೆ, ನೀರಿನ ಕ್ಯಾನ್ ಮಾತ್ರ ಹುಡುಗರೇ ಎತ್ತುತ್ತಾರೆ. ಮೇ ತಿಂಗಳಲ್ಲಿ ಮಗಳ ಮದುವೆಗೆ ಊರಿಗೆ ಹೋಗಿ ಬಂದರು. ಅದೇ ಗಂಡು, ಅವತ್ತು ಅಂಗಳದಲ್ಲಿ ನಿಂತಿದ್ದವನೇ.

ಜೂನಿನಲ್ಲಿ ಟೋಕನ್ ಹಿಡಿದು ಬಂದಾಗ ನಾವು ಔಷಧದ ಮಾತಿಗೆ ಮೊದಲು ಮೆಟ್ಟಿಲಿನ ವಿಷಯ ಕೇಳಿದೆವು.

“ಹನ್ನೆರಡು ನಿಮಿಷ ಬೇಕಾಯಿತು. ಮೂರು ಕಡೆ ನಿಂತೆ. ಕುರ್ಚಿ ತಂದಿದ್ದರು, ಬೇಡ ಅಂದೆ.”

“ಉಸಿರು?”

“ಉಸಿರು ಪರವಾಗಿಲ್ಲ. ಇಳಿಯುವಾಗ ಮಂಡಿ ಹಿಡಿಯಿತು ಮಾರಾಯ್ರೆ. ಅದಕ್ಕೆ ಏನಾದರೂ ಹಚ್ಚಲಿಕ್ಕೆ ಕೊಡಿ.”

ಮುಲಾಮು ಕೊಟ್ಟೆವು. ಕೊಡುವ ಮೊದಲು, ಹೇಗೆ ಹಚ್ಚುವುದು ತೋರಿಸಿ ಅಂದೆವು.